ಹರಾಜಿಗೆ ಬಂದ ಮನೆಯನ್ನು ಕೊಳ್ಳಬಹುದೇ?

ಪರ: ಒಲೆ ಉರಿಯದ ಮನೆ ಹೆಚ್ಚು ದಿನ ಬಾಳುವುದಿಲ್ಲ

ಸಾಗರ ಪೇಟೆಯ ಅಂಚಿನಲ್ಲಿ ನಾವಿರುವ ಮನೆ ಬ್ಯಾಂಕ್ ಹರಾಜಿನಲ್ಲಿ ಕೊಂಡದ್ದು. ನಮ್ಮ ಕೈಗೆ ಬರುವ ಮೊದಲು ಅದಕ್ಕೆ ಎರಡು ಮಳೆಗಾಲ ಬೀಗ ಬಿದ್ದಿತ್ತು. ಎರಡು ಮಳೆಗಾಲ ಅಂದರೆ ಏನು ಅಂತ ಮಲೆನಾಡಿನವರಿಗೆ ಹೇಳಬೇಕಿಲ್ಲ. ನಾಲ್ಕು ಹೆಂಚು ಜಾರಿದ ಕಡೆ ನೀರು ಇಳಿದು ಪಕಾಸಿ ಕೊಳೆತಿತ್ತು. ಬಾಗಿಲ ಚೌಕಟ್ಟಿಗೆ ಗೆದ್ದಲು ಹತ್ತಿತ್ತು. ಅಂಗಳದಲ್ಲಿ ಕಾಲಿಟ್ಟರೆ ಜಾರುವಷ್ಟು ಹಾವಸೆ.

ಕೊಳ್ಳುತ್ತೇನೆ ಅಂದಾಗ ಅಮ್ಮ ಬೇಡವೇ ಬೇಡ ಅಂದರು. "ಸೋತವರ ಮನೆ, ಅವರ ಕಣ್ಣೀರು ತಟ್ಟುತ್ತೆ." ಈ ಮಾತು ಬರೀ ನಂಬಿಕೆ ಅಂತ ನಾನು ತಳ್ಳಿಹಾಕುವುದಿಲ್ಲ. ಅದರಲ್ಲಿ ಮರ್ಯಾದೆ ಇದೆ. ಆದರೆ ಹಣದ ಲೆಕ್ಕ ಬೇರೆಯೇ ಕಥೆ ಹೇಳುತ್ತದೆ.

ಒಂದು ಕುಟುಂಬದ ಸಾಲ ಬಡ್ಡಿ ಸೇರಿ 30 ಲಕ್ಷ ಅಂತ ಇಟ್ಟುಕೊಳ್ಳಿ. ಮನೆ 24 ಲಕ್ಷಕ್ಕೆ ಹೋದರೆ ಉಳಿದ 6 ಲಕ್ಷ ಆ ಕುಟುಂಬದ ತಲೆ ಮೇಲೆಯೇ ಇರುತ್ತದೆ. ನಾಲ್ಕು ಜನ ಕೂಗಿ 35ಕ್ಕೆ ಏರಿಸಿದರೆ, ಸಾಲ ಮತ್ತು ಖರ್ಚು ಕಳೆದು ಮಿಕ್ಕಿದ್ದನ್ನು ಬ್ಯಾಂಕ್ ಅವರಿಗೇ ಕೊಡಬೇಕು. ಕಾಯ್ದೆಯೇ ಹಾಗೆ ಹೇಳುತ್ತದೆ. ನಾವು ಊರಿನವರು ಸಂಕೋಚಪಟ್ಟು ದೂರ ನಿಂತರೆ ಏನಾಗುತ್ತದೆ? ಹರಾಜಿಗೆ ಯಾರೂ ಬರುವುದಿಲ್ಲ. ಬ್ಯಾಂಕ್ ಮೂಲಬೆಲೆ ಇಳಿಸಿ ಮತ್ತೆ ಹರಾಜು ಕರೆಯುತ್ತದೆ. ಅಷ್ಟರಲ್ಲಿ ಬಡ್ಡಿ ಬೆಳೆದಿರುತ್ತದೆ, ಮಾಡು ಕುಸಿದಿರುತ್ತದೆ. ಕೊನೆಗೆ ಕೈಲಿ ರೊಕ್ಕ ಇಟ್ಟುಕೊಂಡ ಹೊರಗಿನವರು ಕಾಸಿಗೆ ಕೊಂಡು ಹೋಗುತ್ತಾರೆ. ಇದರಿಂದ ಸೋತವರಿಗೆ ಏನು ಉಪಕಾರವಾಯಿತು?

ಇದು ರಾತ್ರೋರಾತ್ರಿ ನಡೆಯುವ ಕೆಲಸವೂ ಅಲ್ಲ. ಗೃಹಸಾಲದ ಕಂತು 90 ದಿನ ತಪ್ಪಿದರೆ ಅದು ಸುಸ್ತಿ ಸಾಲವಾಗುತ್ತದೆ. ಆಮೇಲೆ, ಅಡವಿಟ್ಟ ಆಸ್ತಿಯನ್ನು ಕೋರ್ಟಿಗೆ ಹೋಗದೆಯೇ ಮಾರಿ ಸಾಲ ವಸೂಲು ಮಾಡಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆಯ ಪ್ರಕಾರ 60 ದಿನದ ನೋಟಿಸು. ಸ್ವಾಧೀನವಾದ ಮೇಲೆ ಮೊದಲ ಹರಾಜಿಗೆ ಇನ್ನೂ 30 ದಿನದ ನೋಟಿಸು.

ನಾನು ಸುಮ್ನೆ ಕೂಗಲಿಲ್ಲ. ಜಾಗದ ಮೇಲೆ ಬೇರೆ ಸಾಲ, ಅಡಮಾನ ಇದೆಯಾ ಅಂತ ನೋಡಲು 30 ವರ್ಷದ ಇ.ಸಿ. (ಋಣಭಾರ ಪತ್ರ) ತೆಗೆಸಿದೆ. ಕಂದಾಯ, ಕರೆಂಟ್ ಬಾಕಿ ವಿಚಾರಿಸಿದೆ. ಅಕ್ಕಪಕ್ಕದವರ ಹತ್ತಿರ ಕೂತು ಮಾತಾಡಿದೆ. ಬೀಗದ ಕೀಲಿಕೈ ನಿಮ್ಮ ಕೈಲೇ ಇದೆಯಾ ಅಂತ ಬ್ಯಾಂಕಿನಿಂದ ಬರಹದಲ್ಲಿ ಉತ್ತರ ಪಡೆದೆ. ಅದು ಬಂದ ಮೇಲೆಯೇ ಮೂಲಬೆಲೆಯ ಶೇಕಡಾ 10 ಮುಂಗಡ ಕಟ್ಟಿದ್ದು.

ಹಿತ್ತಲಿನಲ್ಲಿ ಹಳೆಯ ಮನೆಯವರ ಚೌಡಿ ಇದೆ. ಈಗಲೂ ವರ್ಷಕ್ಕೊಮ್ಮೆ ಅವರು ಬಂದು ಪೂಜೆ ಮಾಡುತ್ತಾರೆ. ಆ ದಿನದ ಅಡುಗೆ ನಮ್ಮ ಅಮ್ಮನದು. ದೂರದವರು ಕೊಂಡು ಕಾಂಪೌಂಡ್ ಕಟ್ಟಿ ಗೇಟ್ ಹಾಕಿದ್ದರೆ ಆ ಚೌಡಿಗೆ ದೀಪ ಹಚ್ಚಲು ಅವರಿಗೆ ದಾರಿ ಇರುತ್ತಿತ್ತಾ? ಅದಕ್ಕೇ ಹೇಳುತ್ತೇನೆ, ಊರಿನ ಮನೆ ಹರಾಜಿಗೆ ಬಂದರೆ ಊರಿನವರು ಹೋಗಿ ಕೂಗಬೇಕು. ಒಳ್ಳೆಯ ಬೆಲೆಗೇ ಕೂಗಬೇಕು.

ವಿರೋಧ: ಕಾಗದ ನನ್ನದು, ಕೀಲಿಕೈ ಇನ್ನೂ ಇಲ್ಲ

2023ರ ಫೆಬ್ರವರಿಯಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಆಮೇಲೆ ಶಿವಮೊಗ್ಗದಲ್ಲಿ ನಾಲ್ಕು ಜನ ಸೇರಿದ ಕಡೆಯಲ್ಲೆಲ್ಲ ಜಾಗದ್ದೇ ಮಾತು. ನಾನೂ ಆ ಮಾತಿಗೆ ಬಿದ್ದೆ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಮನೆ ಹರಾಜಿಗೆ ಬಂದಿತ್ತು. ಮುಂದೆ ಹೋಂಸ್ಟೇ ಮಾಡಬಹುದು ಅಂತ ಆನ್‌ಲೈನಿನಲ್ಲಿ ಕೂಗಿದೆ. ನನಗೇ ಆಯಿತು. ಮಾರನೇ ದಿನದೊಳಗೆ ಬೆಲೆಯ ಶೇಕಡಾ 25, 15 ದಿನದಲ್ಲಿ ಉಳಿದದ್ದು. ತಪ್ಪಿದರೆ ಕಟ್ಟಿದ್ದೂ ಹೋದಂತೆಯೇ. ಸಾಲ ಮಾಡಿ ಕಟ್ಟಿದೆ.

ಪ್ರಕಟಣೆಯಲ್ಲಿ 'ಸಾಂಕೇತಿಕ ಸ್ವಾಧೀನ' ಅಂತ ಎರಡು ಪದ ಇದ್ದವು. ಅದರ ಅರ್ಥ ನನಗೆ ಗೊತ್ತಾಗಿದ್ದು ಆಮೇಲೆ. ಬ್ಯಾಂಕು ಬಾಗಿಲಿಗೆ ನೋಟಿಸು ಅಂಟಿಸಿದೆ, ಪತ್ರಿಕೆಯಲ್ಲಿ ಹಾಕಿಸಿದೆ, ಅಷ್ಟೇ. ಒಳಗೆ ಜನ ಇದ್ದಾರೆ. ಅವರನ್ನು ಬಿಡಿಸಲು ಜಿಲ್ಲಾ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಕಾಯ್ದೆಯಲ್ಲಿ ಅದಕ್ಕೆ 30 ದಿನ, ಹೆಚ್ಚೆಂದರೆ 60 ದಿನ. ಕಡತ ಆ ಲೆಕ್ಕ ಕೇಳುವುದಿಲ್ಲ. ಮನೆಯವರು ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋದರು. ಅಲ್ಲಿ ಸೋತವರು ಮೇಲ್ಮನವಿಗೆ ಚೆನ್ನೈಗೆ ಹೋಗಬೇಕು. ಅಲ್ಲಿಯವರೆಗೆ ನನ್ನ ಸಾಲದ ಬಡ್ಡಿ ಕಟ್ಟುವವನು ನಾನೇ. 'ಇದ್ದಲ್ಲಿ, ಇದ್ದ ಹಾಗೆ' ಅನ್ನುವ ಷರತ್ತಿಗೆ ಸಹಿ ಹಾಕಿದ್ದೇನೆ, ಯಾರನ್ನು ಕೇಳಲಿ?

ಇನ್ನೊಂದು ತೊಡಕು ನಮ್ಮ ಕಡೆಯದೇ. ಪೇಟೆಯ ಸೈಟಿಗೆ ನಾಲ್ಕು ಕಲ್ಲು ಹುಗಿದು ಗಡಿ ತೋರಿಸಬಹುದು. ಮಲೆನಾಡಿನ ಮನೆ ಹಾಗಲ್ಲ. ಮನೆ, ಕೊಟ್ಟಿಗೆ, ಅಡಿಕೆ ತೋಟ, ಮೇಲಿನ ಬೆಟ್ಟ ಎಲ್ಲ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕೃಷಿ ಜಮೀನನ್ನು ಸರ್ಫೇಸಿ ಅಡಿ ಮುಟ್ಟುವ ಹಾಗಿಲ್ಲ. ಹಾಗಾಗಿ ಭೂಪರಿವರ್ತನೆಯಾದ ಮನೆಯ ಜಾಗ ಮಾತ್ರ ನನ್ನದು. ಬಾವಿ ತೋಟದಲ್ಲಿದೆ. ದಾರಿ ತೋಟದೊಳಗಿಂದ ಬರುತ್ತದೆ. ಪೋಡಿ, ಅಂದರೆ ಜಾಗ ಅಳೆದು ಬೇರೆ ಮಾಡಿ ದಾಖಲೆ ಮಾಡುವುದು, ಆಗಿಲ್ಲ. ಹಿಂದಿನ ಕೊಟ್ಟಿಗೆ ಇರುವುದು ಬಗರ್‌ಹುಕುಂ ಜಾಗದಲ್ಲಿ, ಅಂದರೆ ಮಂಜೂರಾತಿ ಇಲ್ಲದ ಸರ್ಕಾರಿ ಜಾಗದಲ್ಲಿ. ನೀರಿಲ್ಲ, ದಾರಿಯಿಲ್ಲ. ಇಂಥ ಮನೆಯನ್ನು ಕಡಿಮೆ ಬೆಲೆಗೆ ಕೊಂಡೆ ಅಂತ ಹೇಗೆ ಹೇಳಲಿ?

ಎಲೆಚುಕ್ಕಿ ರೋಗ ಬಂದು ತೋಟ ಒಣಗಿದ ಮೇಲೆಯೇ ಆ ಮನೆಯವರ ಕಂತು ತಪ್ಪಿದ್ದು. ದುಂದು ಮಾಡಿ ಮುಳುಗಿದವರಲ್ಲ ಅವರು.

ಹಾಗಾದರೆ ಸಾಲ ಮುಳುಗಲಿ ಅಂತ ನಾನು ಹೇಳುತ್ತಿಲ್ಲ. ಬ್ಯಾಂಕಿನಲ್ಲಿರುವುದೂ ಜನರ ದುಡ್ಡೇ ಅಲ್ವಾ? ಆದರೆ ಹರಾಜಿಗಿಂತ ಮೊದಲು ಒಂದು ದಾರಿ ಇದೆ. ಕೊಳ್ಳುವ ಆಸೆ ಇದ್ದವರು ನೇರ ಆ ಮನೆಯ ಜಗಲಿಗೆ ಹೋಗಿ ಕೂರಬೇಕು. ಯಜಮಾನರು, ಬ್ಯಾಂಕಿನವರು, ನಾವು ಸೇರಿ ಬೆಲೆ ಮಾತಾಡಬೇಕು. ಹಣ ನೇರ ಸಾಲದ ಖಾತೆಗೆ ಹೋಗಲಿ, ಪತ್ರ ಬಿಡುಗಡೆಯಾಗಲಿ. ಬಾವಿ, ದಾರಿ ಎಲ್ಲ ಕ್ರಯಪತ್ರದಲ್ಲಿ ಬರೆಸಿಕೊಳ್ಳಬಹುದು. ಮನೆಯವರಿಗೂ ಹರಾಜಿಗಿಂತ ಜಾಸ್ತಿ ಬೆಲೆ ಸಿಗುತ್ತದೆ. ಒಂದೇ ಕಂತಿನಲ್ಲಿ ತೀರಿಸುತ್ತೇವೆ ಅಂದರೆ ಬಡ್ಡಿ ಬಿಡುವ ಬ್ಯಾಂಕುಗಳೂ ಇವೆ.

ಇದಕ್ಕೆ ಗಡುವು ಇದೆ. ಅದು ಬಹಳ ಮನೆಗಳಿಗೆ ಗೊತ್ತಿಲ್ಲ. 2016ರ ತಿದ್ದುಪಡಿಯ ನಂತರ, ಬಾಕಿಯೆಲ್ಲ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕು ಹರಾಜಿನ ಪ್ರಕಟಣೆ ಹೊರಬೀಳುವವರೆಗೆ ಮಾತ್ರ. 2023ರಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿಯಿತು. ಹರಾಜಿನ ದಿನದವರೆಗೂ ಸಮಯವಿದೆ ಅಂತ ನಂಬಿ ಕೂತವರು ಮನೆ ಕಳೆದುಕೊಳ್ಳುತ್ತಾರೆ. ನೆಂಟರಲ್ಲಿ, ನೆರೆಯಲ್ಲಿ ಯಾರಿಗಾದರೂ 60 ದಿನದ ನೋಟಿಸು ಬಂದಿದ್ದರೆ ಇವತ್ತೇ ಹೋಗಿ ಹೇಳಿ. ನಾಚಿಕೆಯಿಂದ ಅವರು ನೋಟಿಸನ್ನು ಕಪಾಟಿನಲ್ಲಿ ಇಟ್ಟುಬಿಟ್ಟಿರುತ್ತಾರೆ.

ನಾನು ಕೊಂಡ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಹೋದ ತಿಂಗಳು ಹೋಗಿದ್ದೆ. ಜಗಲಿಯಲ್ಲಿ ಕೂರಿಸಿ ಬೆಲ್ಲ, ನೀರು ಕೊಟ್ಟರು. "ನಿಮ್ಮ ದುಡ್ಡೂ ಸಿಕ್ಕಿಹಾಕಿಕೊಂಡಿತಲ್ಲ ಮಾರಾಯರೇ" ಅಂದರು. ಜಿಲ್ಲಾ ಮ್ಯಾಜಿಸ್ಟ್ರೇಟರ ಆದೇಶ ಬಂದರೆ ಪೊಲೀಸರ ಜೊತೆ ಹೋಗಿ ಬಾಗಿಲು ತೆರೆಸಬಹುದು ಅಂತ ವಕೀಲರು ಹೇಳಿದ್ದಾರೆ. ಆ ದಿನ ಆ ಜಗಲಿ ಹತ್ತುವುದು ನನ್ನಿಂದ ಆಗುವುದಿಲ್ಲ.