ಅಪೀಲು ಕೆಡುವುದು ಹೈಕೋರ್ಟಿಗೆ ಹೋಗುವ ಮೊದಲೇ

ಕ್ರಿಮಿನಲ್ ಅಪೀಲು ಅಂದಕೂಡಲೇ ನಾವು ವಕೀಲರ ವಾದದ ಬಗ್ಗೆ ಮಾತಾಡುತ್ತೇವೆ. ಕೈಯಲ್ಲಿ ದುಡ್ಡಿಲ್ಲದ ಖೈದಿಯ ಅಪೀಲು ಹಳ್ಳ ಹಿಡಿಯುವುದು ಅದಕ್ಕೂ ಮೊದಲು, ತೀರ್ಪಿನ ನಕಲು ಅವನ ಕೈಸೇರದಿದ್ದಾಗ.

ಸೆಷನ್ಸ್ ಕೋರ್ಟ್ ಜೈಲುಶಿಕ್ಷೆ ಕೊಟ್ಟರೆ ಹೈಕೋರ್ಟಿಗೆ ಹೋಗಲು 60 ದಿನ, ಮರಣದಂಡನೆಯಾದರೆ 30. ನಕಲು ತಯಾರಾಗಲು ಹಿಡಿದ ದಿನಗಳನ್ನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ. ಮಿಕ್ಕ ತಡಕ್ಕೆ ಕಾರಣ ತೋರಿಸಿ ವಿಳಂಬ ಮನ್ನಾ ಅರ್ಜಿ ಹಾಕಬೇಕು. ಜೈಲುಶಿಕ್ಷೆಯಾದವನಿಗೆ ತೀರ್ಪಿನ ಪ್ರತಿಯನ್ನು ಕೂಡಲೇ, ಪುಕ್ಕಟೆ ಕೊಡಬೇಕೆಂದು ಕಾನೂನೇ ಹೇಳುತ್ತದೆ. 1978ರ ಹೊಸ್ಕೋಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಜೀವ, ಸ್ವಾತಂತ್ರ್ಯದ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಗೇ ಜೋಡಿಸಿತು: ಪ್ರತಿ ಜೈಲಿಗೆ ಬಂದರೆ ಅಧಿಕಾರಿ ಬೇಗ ತಲುಪಿಸಿ, ಖೈದಿಯಿಂದ ಲಿಖಿತ ಸ್ವೀಕೃತಿ ಪಡೆಯಬೇಕು. ಮನೆಯವರು ಮೊದಲು ಕೇಳಬೇಕಾದದ್ದು ಆ ಸ್ವೀಕೃತಿಯ ತಾರೀಖನ್ನು. ತಡವಾಗಿದ್ದರೆ ಮನ್ನಾ ಅರ್ಜಿಗೆ ಅದೇ ಆಧಾರ.

ವಕೀಲರಿಲ್ಲದಿದ್ದರೂ ಜೈಲಿನ ಅಧಿಕಾರಿಯ ಮೂಲಕವೇ ಅಪೀಲು ಕಳಿಸಬಹುದು. 'ನಾನು ತಪ್ಪು ಮಾಡಿಲ್ಲ' ಎಂದು ನಾಲ್ಕು ಸಾಲು ಬರೆದರೂ ಸಾಕು, ಹೆಚ್ಚಿನ ಕಾರಣಗಳನ್ನು ಆಮೇಲೆ ಸೇರಿಸಲು ಅನುಮತಿ ಕೇಳಬಹುದು. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಸಿಗುತ್ತಾರೆ.

ಆದರೆ ಎಂಥ ವಕೀಲರು, ಎಷ್ಟು ಸಮಯ? ನನ್ನ ತಕರಾರು ಇರುವುದು ಇಲ್ಲಿ. ವಕೀಲರು ಬರಲಿಲ್ಲ ಎಂಬ ಒಂದೇ ಕಾರಣಕ್ಕೆ ಅಪೀಲು ವಜಾ ಮಾಡುವಂತಿಲ್ಲ, ದಾಖಲೆ ಓದಿಯೇ ತೀರ್ಮಾನಿಸಬೇಕು ಎಂದು 1996ರ ಬನಿ ಸಿಂಗ್ ತೀರ್ಪು ಹೇಳಿದೆ. ಹಾಗೆಂದು ಬೆಳಿಗ್ಗೆ ಅಮಿಕಸ್ (ನೆರವಿಗೆಂದು ಕೋರ್ಟೇ ಗೊತ್ತುಮಾಡುವ ವಕೀಲರು) ನೇಮಿಸಿ ಮಧ್ಯಾಹ್ನ ವಾದ ಕೇಳಿದರೆ ಅದು ಬರೀ ಶಾಸ್ತ್ರ. ಸಾಕ್ಷಿ ಪಾಟೀ ಸವಾಲಿನಲ್ಲಿ ಹೇಳಿದ್ದಕ್ಕೂ ಪೊಲೀಸರ ಮುಂದೆ ಹೇಳಿದ್ದಕ್ಕೂ ವ್ಯತ್ಯಾಸವಿದೆಯೇ, ಪಂಚನಾಮೆಗೆ ಸಹಿ ಹಾಕಿದವನು ತಿರುಗಿಬಿದ್ದನೇ, ಆರೋಪಿಯ ಹೇಳಿಕೆ ಪಡೆಯುವಾಗ ನ್ಯಾಯಾಧೀಶರು ಮುಖ್ಯ ಪ್ರಶ್ನೆಯನ್ನೇ ಕೇಳದೆ ಬಿಟ್ಟರೇ: ಇದೆಲ್ಲ ಪೇಪರ್ ಬುಕ್ (ಪ್ರಕರಣದ ದಾಖಲೆಗಳ ಕಟ್ಟು) ಪೂರ್ತಿ ಓದದೆ ಸಿಗುವ ಅಂಶಗಳಲ್ಲ. ಜೀವಾವಧಿ ಅಥವಾ ಮರಣದಂಡನೆ ಆಗಬಹುದಾದ ಪ್ರಕರಣಕ್ಕೆ ಕನಿಷ್ಠ 10 ವರ್ಷ ವಕೀಲಿಕೆ ಮಾಡಿದವರು ಬೇಕು, ತಯಾರಿಗೆ ಸಾಮಾನ್ಯವಾಗಿ 7 ದಿನವಾದರೂ ಬೇಕು ಎಂದು 2019ರ ಅನೋಖಿಲಾಲ್ ತೀರ್ಪು ಗೆರೆ ಎಳೆದಿದೆ. ಸಾವಿರ ಪುಟದ ದಾಖಲೆಗೆ ಏಳು ದಿನ ಏನೇನೂ ಸಾಲದು.

'ಅಪೀಲು ಹಾಕಿದರೆ ಶಿಕ್ಷೆ ಜಾಸ್ತಿಯಾದೀತು' ಎಂಬ ಹೆದರಿಕೆಯೂ ಉಂಟು. ಆರೋಪಿಯೇ ಹಾಕಿದ ಅಪೀಲಿನಲ್ಲಿ ಶಿಕ್ಷೆ ಹೆಚ್ಚಿಸುವಂತಿಲ್ಲ. ಸರ್ಕಾರ ಅದಕ್ಕೆಂದೇ ಬೇರೆ ಅಪೀಲು ಹಾಕಿದರೂ ಆರೋಪಿಯ ಮಾತು ಕೇಳಲೇಬೇಕು.

ಅಪೀಲು ದಾಖಲಾದ ಮಾತ್ರಕ್ಕೆ ಬಿಡುಗಡೆ ಆಗುವುದಿಲ್ಲ; ಶಿಕ್ಷೆ ಅಮಾನತಿಗೆ ಬೇರೆ ಅರ್ಜಿ ಹಾಕಬೇಕು. ಜಾಮೀನಿನ ಮೇಲಿದ್ದವನಿಗೆ 3 ವರ್ಷದೊಳಗಿನ ಶಿಕ್ಷೆಯಾಗಿದ್ದರೆ, ಅಪೀಲು ಹಾಕಿ ಆದೇಶ ತರುವಷ್ಟು ಕಾಲ ವಿಚಾರಣಾ ಕೋರ್ಟೇ ಬಿಡಬಹುದು. ಅದನ್ನು ತೀರ್ಪು ಓದಿದ ದಿನವೇ ಕೇಳಿಕೊಳ್ಳಬೇಕು.