ಕೊರ್ಂಗು ನೋಡಲು ಅಷ್ಟು ದೂರ ಹೋಗಬೇಕಾ?

ಪಕ್ಕದ ಮನೆಯ ದೊಡ್ಡಮ್ಮ ಮೊನ್ನೆ ನನ್ನ ಮೊಬೈಲಿನಲ್ಲಿದ್ದ ಫೋಟೊ ನೋಡಿ ಕೇಳಿದ ಪ್ರಶ್ನೆ ಇದು. "ಕೊರ್ಂಗು ತೂಯೆರೆ ಆತ್ ದೂರ ಪೋವೊಡಾ?" ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಉದ್ದ ಕಾಲಿನ ಹಕ್ಕಿ ಯಾವುದೇ ಇರಲಿ, ತುಳುವಿನಲ್ಲಿ ಅದು ಕೊರ್ಂಗು, ಕನ್ನಡದಲ್ಲಿ ಕೊಕ್ಕರೆ. ಸೋಣ ತಿಂಗಳು ಮುಗಿಯುವ ಈ ಹೊತ್ತಿಗೆ ನಮ್ಮ ಉಡುಪಿ ಕಡೆ ಯಾವ ಬೈಲಿಗೆ ಹೋದರೂ ತೆನೆ ಬಂದ ಗದ್ದೆಯ ಹುಣಿಯಲ್ಲಿ ನಾಲ್ಕು ಬೆಳ್ಳಕ್ಕಿ ನಿಂತಿರುತ್ತವೆ. ಹಾಗಿರುವಾಗ ರಾಜಸ್ಥಾನಕ್ಕೆ ಯಾಕೆ?

ಯಾಕೆಂದರೆ ನಾನು ನೋಡಿ ಬಂದದ್ದು ಕೊಕ್ಕರೆಯನ್ನಲ್ಲ. ಅದು ಕ್ರೌಂಚ, ಇಂಗ್ಲಿಷಿನ ಕ್ರೇನ್. ನೋಡಲು ಒಂದೇ ತರ ಕಂಡರೂ ಸಂಬಂಧವೇ ಬೇರೆ. ಬೆಳ್ಳಕ್ಕಿ ಹಾರುವಾಗ ಕತ್ತನ್ನು ಮಡಚಿ ಭುಜದೊಳಗೆ ಎಳೆದುಕೊಳ್ಳುತ್ತದೆ, ಕ್ರೌಂಚ ಕತ್ತು ಚಾಚಿಯೇ ಹಾರುತ್ತದೆ. ಬೆಳ್ಳಕ್ಕಿ ಸಂಜೆಗೆ ಮರ ಸೇರುತ್ತದೆ. ನಾನು ನೋಡಿದ ಕ್ರೌಂಚಗಳು ಮರದ ಮೇಲೆ ಕೂರುವುದಿಲ್ಲ, ಅವುಗಳ ಹಿಂಬೆರಳು ಸಣ್ಣದು, ಕೊಂಬೆ ಹಿಡಿಯಲು ಆಗುವುದಿಲ್ಲ. ಇದೆಲ್ಲ ಕಣ್ಣಿಗೆ ಕಾಣುವ ವ್ಯತ್ಯಾಸ. ನಿಜವಾದ ವ್ಯತ್ಯಾಸ ಇರುವುದು ಸ್ವರದಲ್ಲಿ.

ಅಕ್ಕ, ಭಾವ ಈಗ ಜೋಧಪುರದಲ್ಲಿದ್ದಾರೆ. ಅಲ್ಲಿಂದ ಫಲೋದಿ, ಅದರ ಪಕ್ಕದಲ್ಲೇ ಖೀಚನ್ ಅನ್ನುವ ಊರು. ಪ್ರತಿ ವರ್ಷ ಆಗಸ್ಟ್ ಕೊನೆ, ಸೆಪ್ಟೆಂಬರ್ ಶುರುವಿಗೆ ಡೆಮೊಸೆಲ್ ಕ್ರೌಂಚಗಳು ಅಲ್ಲಿಗೆ ಬರಲು ಶುರು ಮಾಡುತ್ತವೆ. ಅಲ್ಲಿಯವರು ಕುರ್ಜಾ ಅನ್ನುತ್ತಾರೆ. ಜಗತ್ತಿನ 15 ಜಾತಿಯ ಕ್ರೌಂಚಗಳಲ್ಲಿ ಇದೇ ಸಣ್ಣದು. ಬೂದಿ ಬಣ್ಣ, ಕಪ್ಪು ಕತ್ತು, ಕೆಂಪು ಕಣ್ಣಿನ ಹಿಂದೆ ಬಿಳಿ ಗರಿಯ ಕುಚ್ಚು. ಮರಿ ಮಾಡುವುದು ಮಂಗೋಲಿಯಾ, ಕಜಾಕಿಸ್ತಾನದ ಹುಲ್ಲುಗಾವಲಿನಲ್ಲಿ. ಭಾರತಕ್ಕೆ ಬರುವಾಗ ಎಷ್ಟೋ ಗುಂಪುಗಳು ಹಿಮಾಲಯವನ್ನೇ ದಾಟುತ್ತವೆ. ನೇಪಾಳದ ಕಾಳಿ ಗಂಡಕಿ ಕಣಿವೆಯಲ್ಲಿ ಹಾದು ಬರುವಾಗ ದೊಡ್ಡ ಹದ್ದುಗಳು ಇವುಗಳ ಮೇಲೆ ಎರಗುತ್ತವೆ.

ಚಳಿಗಾಲದಲ್ಲಿ ಹೋದರೆ ಸಾವಿರಾರು ಹಕ್ಕಿ ಸಿಗುತ್ತವೆ, ಈಗ ಯಾಕೆ ಹೋಗ್ತೀಯ ಅಂತ ಭಾವ ಹೇಳಿದ್ದರು. ನಾನು ಬೇಕಂತಲೇ ಸೆಪ್ಟೆಂಬರಿನಲ್ಲಿ ಹೋದೆ. ಹಕ್ಕಿ ಕಡಿಮೆ ಇದ್ದಾಗ ಒಂದೊಂದು ಸ್ವರವನ್ನೂ ಬಿಡಿಸಿ ಕೇಳಬಹುದು ಅಲ್ವಾ?

ಇನ್ನೂ ಕತ್ತಲೆ. ಒಂದು ಮನೆಯ ತಾರಸಿಯಲ್ಲಿ ಕೂತಿದ್ದೆವು. ಹಕ್ಕಿ ಕಾಣುವ ಮೊದಲು ಸದ್ದು ಬಂತು. ಎಲ್ಲಿಂದ ಅಂತ ಗೊತ್ತಾಗಲಿಲ್ಲ. ದೂರದಲ್ಲಿ ಯಾರೋ ಗಂಟಲಲ್ಲಿ ನೀರು ಇಟ್ಟುಕೊಂಡು ಕರೆದ ಹಾಗೆ, "ಕ್ರ್‌ರ್ರೂ... ಕ್ರ್‌ರ್ರೂ..." ಒಂದು ಕರೆದರೆ ಇನ್ನೊಂದು ಓಗೊಡುತ್ತದೆ. ಕ್ರೌಂಚದ ಶ್ವಾಸನಾಳ ಬಹಳ ಉದ್ದ. ಸಾರಸದಂಥ ದೊಡ್ಡ ಜಾತಿಗಳಲ್ಲಿ ಅದು ಎದೆಮೂಳೆಯ ಒಳಗೇ ಸುರುಳಿ ಸುತ್ತಿಕೊಂಡಿರುತ್ತದೆ. ನಮ್ಮ ದೇವಸ್ಥಾನದಲ್ಲಿ, ಕೋಲದಲ್ಲಿ ಊದುವ ಕೊಂಬು ನೆನಪಿಸಿಕೊಳ್ಳಿ. ಅದೂ ಉದ್ದದ ಬಾಗಿದ ನಳಿಗೆಯೇ. ಅದರ ಸದ್ದು ಬೈಲು ದಾಟಿ ಬರುತ್ತದೆ, ಇದರ ಸದ್ದು ಮರಳುಗಾಡು ದಾಟಿ ಬರುತ್ತದೆ.

ಬೆಳಕಾಗುತ್ತಾ ಸಾಲು ಸಾಲಾಗಿ ಬಂದವು. ನೂರೋ ಇನ್ನೂರೋ ಇರಬಹುದು, ನಾನು ಎಣಿಸಲಿಲ್ಲ. ಆ ದಪ್ಪ ಸ್ವರಗಳ ನಡುವೆ ಒಂದು ತೆಳ್ಳನೆಯ "ಪೀ... ಪೀ..." ಇತ್ತು. ಮೊದಲು ಬೇರೆ ಯಾವುದೋ ಸಣ್ಣ ಹಕ್ಕಿ ಅಂದುಕೊಂಡೆ. ಅಲ್ಲ, ಅದು ಮರಿ. ಈ ವರ್ಷ ಹುಟ್ಟಿದ್ದು. ಗಾತ್ರದಲ್ಲಿ ಅಪ್ಪ ಅಮ್ಮನಷ್ಟೇ ಬೆಳೆದಿರುತ್ತದೆ, ಸ್ವರ ಮಾತ್ರ ಇನ್ನೂ ಒಡೆದಿರುವುದಿಲ್ಲ. ಅಪ್ಪ ಅಮ್ಮನ ಜೊತೆ ಅಷ್ಟು ದೂರ ಹಾರಿ ಬಂದಿದೆ, ದಾರಿಯುದ್ದಕ್ಕೂ ಹೀಗೇ ಕರೆಯುತ್ತಾ ಬಂದಿರಬೇಕು, ಇಲ್ಲಿದ್ದೇನೆ, ಇಲ್ಲಿದ್ದೇನೆ ಅಂತ. ನನಗೆ ಕಣ್ಣು ತುಂಬಿ ಬಂತು. ಆ ಕಡೆಯ ಜನಪದದಲ್ಲಿ ಕುರ್ಜಾ ಅಂದರೆ ದೂರದೂರಿಗೆ ದುಡಿಯಲು ಹೋದ ಗಂಡನಿಗೆ ಸುದ್ದಿ ಮುಟ್ಟಿಸುವ ಹಕ್ಕಿ. ಅಪ್ಪ ಮುಂಬಯಿಯ ಹೋಟೆಲಿನಲ್ಲಿದ್ದ ಕಾಲದಲ್ಲಿ ಅಮ್ಮ ಕಾಗದಕ್ಕೆ ಕಾಯುತ್ತಿದ್ದದ್ದು ನೋಡಿದವಳು ನಾನು. ನನಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಅಷ್ಟರಲ್ಲಿ ಪಕ್ಕದ ತಾರಸಿಯಿಂದ ಯಾರೋ ಡ್ರೋನ್ ಹಾರಿಸಿದರು. ಆಗಷ್ಟೇ ಇಳಿದು ಕಾಳಿಗೆ ಬಾಯಿ ಹಾಕಿದ್ದ ಗುಂಪು ಪೂರ್ತಿ ಎದ್ದುಹೋಯಿತು. ಸ್ವರವೇ ಬದಲಾಯಿತು, ಗಾಬರಿಯ ಕೂಗು. ಹಾರಿಸಿದವರಿಗೆ ಒಳ್ಳೆಯ ವಿಡಿಯೊ ಸಿಕ್ಕಿರಬಹುದು. ಸಾವಿರಾರು ಕಿಲೋಮೀಟರ್ ಹಾರಿ ಮೈಯ ಕೊಬ್ಬು ಕರಗಿಸಿಕೊಂಡು ಬಂದ ಹಕ್ಕಿಯ ಬೆಳಗಿನ ಊಟ ತಪ್ಪಿತು. ನನಗೆ ಸಿಟ್ಟು ಬಂತು, ಈಗ ಬರೆಯುವಾಗಲೂ ಬರುತ್ತಿದೆ. ಈ ಊರಿನವರು 1970ರ ದಶಕದಿಂದ ಕಾಳು ಹಾಕಿ, ಬೇಲಿ ಕಟ್ಟಿ, ನಾಯಿ ಬಾರದಂತೆ ನೋಡಿಕೊಂಡು ಬೆಳೆಸಿದ ನಂಬಿಕೆ ಅದು. ರತನ್‌ಲಾಲ್ ಮಾಲೂ ಅನ್ನುವವರು ಇದನ್ನು ಶುರು ಮಾಡಿದವರು. 2025ರಲ್ಲಿ ಖೀಚನ್ ರಾಮ್ಸರ್ ಪಟ್ಟಿಗೂ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೂ ಸೇರಿತು. ಇನ್ನು ಜನ ಜಾಸ್ತಿಯೇ ಆಗುತ್ತಾರೆ. ಕರೆಂಟ್ ತಂತಿಗೆ ಬಡಿದು ಸಾಯುವ ಹಕ್ಕಿಗಳ ಕಥೆ ಬೇರೆಯೇ ಇದೆ.

ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಹೋಗಿ. ಆದರೆ ಮೊದಲ ಅರ್ಧ ಗಂಟೆ ಕ್ಯಾಮೆರಾ ಚೀಲದಲ್ಲೇ ಇರಲಿ, ಮಾತಾಡಬೇಡಿ, ಸುಮ್ನೆ ಕೂತು ಕೇಳಿ. ರಾಜಸ್ಥಾನದ್ದೇ ಭರತಪುರ ಪಕ್ಷಿಧಾಮದ ಕೆರೆಗೆ ಬರುತ್ತಿದ್ದ ಸೈಬೀರಿಯಾದ ಬಿಳಿ ಕ್ರೌಂಚ 2002ರ ನಂತರ ಬಂದಿಲ್ಲ. ಅದರ ಫೋಟೊ ಬೇಕಾದಷ್ಟಿದೆ. ಆ ಕೆರೆಯ ಬೆಳಗಿನಲ್ಲಿ ಅದರ ಸ್ವರ ಇಲ್ಲ.

ದೊಡ್ಡಮ್ಮನಿಗೆ ಇದನ್ನೆಲ್ಲ ಹೇಳಲು ಹೋಗಲಿಲ್ಲ. ಮೊಬೈಲಿನಲ್ಲಿ ಮಾಡಿಕೊಂಡಿದ್ದ ನಾಲ್ಕು ನಿಮಿಷದ ರೆಕಾರ್ಡಿಂಗ್ ಹಾಕಿ ಅವರ ಕಿವಿಯ ಹತ್ತಿರ ಹಿಡಿದೆ. ಅವರು ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು. ಮುಗಿದ ಮೇಲೆ ಕೇಳಿದರು, "ಇದರಲ್ಲಿ ಒಂದು ಮರಿ ಇದೆ ಅಲ್ವಾ?"

ಇವೇ ಹಕ್ಕಿಗಳು ಚಳಿಗಾಲದಲ್ಲಿ ಬಾಗಲಕೋಟೆ ಕಡೆ, ಆಲಮಟ್ಟಿ ಹಿನ್ನೀರಿಗೂ ಬರುತ್ತವೆ. ಡಿಸೆಂಬರಿನಲ್ಲಿ ಹೋಗುವುದು ಅಂತ ಮಾಡಿದ್ದೇವೆ. ದೊಡ್ಡಮ್ಮ ಈಗಲೇ ಶಾಲು ಬಿಸಿಲಿಗೆ ಹಾಕಿದ್ದಾರೆ.