ಯಾವ ಲೇಔಟ್ ಸಾರ್ ಇದು?

ಹೋದ ವರ್ಷ ಒಂದು ಮ್ಯಾಪ್ ಪ್ರಿಂಟ್ ಹಾಕಿಸಲು ನಮ್ಮ ಏರಿಯಾದ ಝೆರಾಕ್ಸ್ ಅಂಗಡಿಗೆ ಹೋಗಿದ್ದೆ. ದೊಡ್ಡ ಮ್ಯಾಪು. ಎ3 ಹಾಳೆಗಳಲ್ಲಿ ತುಂಡು ತುಂಡಾಗಿ ಹಾಕಿಸಿ ಆಮೇಲೆ ಅಂಟಿಸಬೇಕಿತ್ತು. ಕಾಡು, ಬೆಟ್ಟ, ನದಿ, ಅದರ ಮೇಲೆಲ್ಲ ಜೇನುಗೂಡಿನ ಹಾಗೆ ಆರು ಮೂಲೆಯ ಮನೆಗಳು. ಮೊದಲ ಹಾಳೆ ಹೊರಗೆ ಬಂದ ಕೂಡಲೇ ಅಂಗಡಿ ಹುಡುಗ ತಿರುಗಿಸಿ ಮುರುಗಿಸಿ ನೋಡಿದ.

"ಯಾವ ಲೇಔಟ್ ಸಾರ್ ಇದು? ಸೈಟ್ ಎಲ್ಲ ಒಂಥರಾ ಇದೆಯಲ್ಲ."

"ಗ್ರೇಹಾಕ್ ಅಂತ."

"ದೇವನಹಳ್ಳಿ ಕಡೇನಾ?"

ಒಂದೊಂದು ಸೈಟೂ ಮೂವತ್ತು ಮೈಲಿ ಕಣಪ್ಪಾ, ಬೆಂಗಳೂರಿಂದ ರಾಮನಗರದಷ್ಟು ದೂರ ಅಂತ ಹೇಳಬೇಕು ಅನ್ನಿಸಿತು. ಸುಮ್ನೆ ದುಡ್ಡು ಕೊಟ್ಟು ಬಂದೆ.

ಗ್ರೇಹಾಕ್ ಅನ್ನೋದು ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ ತೀರಾ ಹಳೆಯ ಲೋಕಗಳಲ್ಲಿ ಒಂದು. ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಅವರಲ್ಲೊಬ್ಬ ಡಂಜನ್ ಮಾಸ್ಟರ್, ನಮ್ಮ ಬಾಯಲ್ಲಿ ಡಿಎಂ. ಎದುರಿಗೆ ಏನಿದೆ ಅಂತ ಅವನು ಹೇಳುತ್ತಾನೆ, ಉಳಿದವರು ತಮ್ಮ ಪಾತ್ರ ಏನು ಮಾಡುತ್ತದೆ ಅಂತ ಹೇಳುತ್ತಾರೆ. ಅದು ಆಯ್ತೋ ಕೆಟ್ಟಿತೋ ಅನ್ನೋದನ್ನು ಇಪ್ಪತ್ತು ಮುಖದ ದಾಳ ತೀರ್ಮಾನ ಮಾಡುತ್ತದೆ. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಮಾತು ಕಟ್ಟೋದು. ತಾಳಮದ್ದಳೆ ಕೇಳಿ ಬೆಳೆದ ನನಗೆ ಇದು ಅರ್ಥವಾಗಲು ಐದು ನಿಮಿಷ ಸಾಕಾಯಿತು. ಆದರೆ ಇಲ್ಲಿ ಪ್ರಸಂಗ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಭಾಗವತರಿಗೂ ಗೊತ್ತಿರುವುದಿಲ್ಲ.

ಗ್ರೇಹಾಕ್ ಬಗ್ಗೆ ಮಾತು ಬಂದಾಗಲೆಲ್ಲ ಒಂದು ಉತ್ತರ ತಯಾರಾಗಿರುತ್ತದೆ. ಅದೆಲ್ಲ ಹಳೇ ಅಮೆರಿಕನ್ ಅಂಕಲ್‌ಗಳ ಬಾಲ್ಯದ ನೆನಪು ಅಷ್ಟೇ ಅಂತ. ನಾನು ಒಪ್ಪುವುದಿಲ್ಲ. ಈ ಲೋಕ ಅಚ್ಚಾಗಿ ಬಂದ 1980ರಲ್ಲಿ ನಾನು ಹುಟ್ಟಿರಲೇ ಇಲ್ಲ. ಈ ಆಟ ನನ್ನ ಕೈಗೆ ಬಂದಿದ್ದೇ ಕೆಲಸಕ್ಕೆ ಸೇರಿದ ಮೇಲೆ. ಹಾಗಿದ್ದೂ ಇಷ್ಟೊಂದು ಹೊಸ, ಚೆಂದದ, ಬಣ್ಣದ ಪುಸ್ತಕಗಳನ್ನು ಬಿಟ್ಟು ಈ ಹಳೇ ಮ್ಯಾಪಿಗೇ ಯಾಕೆ ಬಿದ್ದೆ?

1972ಕ್ಕೆ ಹೋಗೋಣ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಲೇಕ್ ಜಿನೀವಾ ಅಂತ ಒಂದು ಸಣ್ಣ ಊರು. ಅಲ್ಲಿ ಗ್ಯಾರಿ ಗೈಗ್ಯಾಕ್ಸ್, ಈ ಆಟ ಹುಟ್ಟುಹಾಕಿದ ಇಬ್ಬರಲ್ಲಿ ಒಬ್ಬ. ಡೇವ್ ಆರ್ನೆಸನ್ ಅನ್ನೋ ಗೆಳೆಯ ಬಂದು ತನ್ನ ಬ್ಲ್ಯಾಕ್‌ಮೂರ್ ಲೋಕದ ಆಟ ಆಡಿಸಿ ತೋರಿಸಿದ್ದ. ಗೈಗ್ಯಾಕ್ಸ್‌ಗೆ ಹುಚ್ಚು ಹಿಡಿಯಿತು. ಒಂದು ಪಾಳು ಕೋಟೆ, ಅದರ ಕೆಳಗೆ ನೆಲಮಾಳಿಗೆಗಳನ್ನು ಬರೆದುಕೊಂಡು ಮೊದಲು ಆಡಿಸಿದ್ದು ತನ್ನ ಮಕ್ಕಳಿಗೇ, ಮಗ ಎರ್ನಿ ಮತ್ತು ಮಗಳು ಎಲಿಸ್‌ಗೆ. ಮಕ್ಕಳು ದೈತ್ಯ ಜರಿಗಳನ್ನೋ ಚೇಳುಗಳನ್ನೋ ಹೊಡೆದರು. ಆಮೇಲೆ ನಿಧಿಯ ಪೆಟ್ಟಿಗೆ ಸಿಕ್ಕಿತು. ತೆಗೆದು ನೋಡಿದರೆ ಮೂರು ಸಾವಿರ ತಾಮ್ರದ ನಾಣ್ಯ. ಎತ್ತೋಕೆ ಆಗದಷ್ಟು ಭಾರ! ಎಷ್ಟು ಬೇಜಾರಾಗಿರಬೇಡ ಆ ಮಕ್ಕಳಿಗೆ. ಅವರು ಮಲಗಿದ ಮೇಲೆ ಅಪ್ಪ ಕೂತು ಎರಡನೇ ಮಾಳಿಗೆ ಬರೆಯಲು ಶುರು ಮಾಡಿದ.

ಗ್ರೇಹಾಕ್‌ನ ಗುಟ್ಟು ಆ ರಾತ್ರಿಯಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ಅಲ್ಲಿ ಮೊದಲು ಲೋಕ ಕಟ್ಟಿ ಆಮೇಲೆ ಜನರನ್ನು ಒಳಗೆ ಬಿಡಲಿಲ್ಲ. ಜನ ಹೆಜ್ಜೆ ಇಟ್ಟ ಕಡೆ ನೆಲ ಹುಟ್ಟಿತು. ಹೊರಗಿನ ಪ್ರಪಂಚ ಬೇಕಾದಾಗಲೂ ಗೈಗ್ಯಾಕ್ಸ್ ತಲೆ ಕೆಡಿಸಿಕೊಳ್ಳಲಿಲ್ಲ. ಉತ್ತರ ಅಮೆರಿಕದ ಮ್ಯಾಪನ್ನೇ ತೆಗೆದುಕೊಂಡು ಹೆಚ್ಚುಕಮ್ಮಿ ಶಿಕಾಗೋ ಇರುವ ಜಾಗದಲ್ಲಿ ಗ್ರೇಹಾಕ್ ನಗರ ಇಟ್ಟುಕೊಂಡು ಆಡಿಸಿದ.

ಹೆಸರುಗಳ ಕಥೆಯೂ ಅಷ್ಟೇ. ಬಾಲ್ಡರ್ಸ್ ಗೇಟ್ 3 ಅನ್ನೋ ವಿಡಿಯೋ ಗೇಮ್ ಆಡಿದವರು ಮೆಲ್ಫ್‌ನ ಆಸಿಡ್ ಬಾಣ ಅನ್ನೋ ಮಂತ್ರ ಬಿಟ್ಟಿರುತ್ತೀರಿ. ಈ ಮೆಲ್ಫ್ ಯಾರು? ಗೈಗ್ಯಾಕ್ಸ್‌ನ ಇನ್ನೊಬ್ಬ ಮಗ ಲ್ಯೂಕ್‌ನ ಪಾತ್ರ. ಹಾಳೆಯ ಮೇಲೆ ಗಂಡು ಎಲ್ಫ್ (ಚೂಪು ಕಿವಿಯ ಕಿನ್ನರರ ಥರದವರು) ಅನ್ನೋದಕ್ಕೆ "ಎಂ ಎಲ್ಫ್" ಅಂತ ಬರೆದಿತ್ತು, ಅದೇ ಹೆಸರಾಯಿತು. ಟೆನ್ಸರ್ ಅನ್ನೋ ಮಂತ್ರವಾದಿಯ ಹೆಸರು ಎರ್ನೆಸ್ಟ್, ಅಂದರೆ ಮಗ ಎರ್ನಿಯ ಹೆಸರು, ಅನ್ನೋದರ ಅಕ್ಷರ ಕಲಸಿದ್ದು. ಇನ್ನೊಬ್ಬ ಮಂತ್ರವಾದಿ ಡ್ರಾಮಿಜ್ ಅಂದರೆ ಜಿಮ್ ವಾರ್ಡ್ ಅನ್ನೋ ಗೆಳೆಯನನ್ನು ಹಿಂದುಮುಂದು ಓದಿದ್ದು. ಮನೆಯವರ, ಗೆಳೆಯರ ತಮಾಷೆಗಳು ಮಂತ್ರಗಳ ಹೆಸರಾಗಿ ಐವತ್ತು ವರ್ಷದಿಂದ ಊರೂರು ಸುತ್ತುತ್ತಿವೆ. ಈಗ ಸ್ಟ್ರೇಂಜರ್ ಥಿಂಗ್ಸ್ ಟಿವಿ ಸರಣಿಯಿಂದ ಎಲ್ಲರಿಗೂ ಗೊತ್ತಿರುವ ಖಳ ವೆಕ್ನಾನ ಹೆಸರೂ ಇದೇ ಲೋಕದ್ದು. 1976ರ ಪುಸ್ತಕದಲ್ಲಿ ಅವನ ಒಂದು ಕೈ, ಒಂದು ಕಣ್ಣು ಮಾತ್ರ ಬಂದವು. ಆಸಾಮಿಯೇ ಇಲ್ಲ! ಜನ ಉಳಿದ ದೇಹವನ್ನು ಕಲ್ಪಿಸಿಕೊಂಡರು.

1980ರಲ್ಲಿ, ಈ ಆಟವನ್ನು ಹೊರತರುತ್ತಿದ್ದ ಟಿಎಸ್‌ಆರ್ ಕಂಪನಿಯಿಂದ ಈ ಲೋಕ ಅಚ್ಚಾಗಿ ಬಂತು. ಮೂವತ್ತೆರಡು ಪುಟದ ಪುಸ್ತಕ, ಜೊತೆಗೆ ಎರಡು ಹಾಳೆ ಮ್ಯಾಪು. ಪ್ರೆಸ್‌ನಲ್ಲಿ ಎಷ್ಟು ದೊಡ್ಡ ಹಾಳೆ ಅಚ್ಚು ಹಾಕಬಹುದು ಅಂತ ಗೈಗ್ಯಾಕ್ಸ್ ವಿಚಾರಿಸಿದ್ದನಂತೆ. 34 ಇಂಚು, 22 ಇಂಚು ಅಂದರು. ಆ ಎರಡು ಹಾಳೆಯಲ್ಲಿ ಹಿಡಿಸಿದ್ದು ಓರಿಕ್ ಅನ್ನೋ ಖಂಡದ ಈಶಾನ್ಯ ಮೂಲೆ ಮಾತ್ರ, ಹೆಸರು ಫ್ಲಾನೆಸ್. ಅಂದರೆ ಒಂದು ಲೋಕದ ಗಡಿಯನ್ನು ಪ್ರಿಂಟಿಂಗ್ ಮಷೀನು ನಿರ್ಧರಿಸಿತು. ಮ್ಯಾಪ್ ಬರೆದದ್ದು ಡಾರ್ಲೀನ್ ಅನ್ನೋ ಕಲಾವಿದೆ. ಆಹಾ, ಆ ಅಕ್ಷರಗಳು! ಆ ಬಣ್ಣ! ನನ್ನ ಎ3 ಪ್ರಿಂಟಿನಲ್ಲಿ ಇಂಕು ಸ್ವಲ್ಪ ಹರಡಿತ್ತು, ಆದರೂ ಗೋಡೆ ಮೇಲಿಂದ ಕಣ್ಣು ತೆಗೆಯೋಕೆ ಆಗುವುದಿಲ್ಲ.

ಪುಸ್ತಕದ ಬರವಣಿಗೆ? ಜಿಲ್ಲಾ ಗೆಜೆಟಿಯರ್ ಓದಿದ್ದೀರಾ? ಅದೇ ರುಚಿ. ಫ್ಯುರಿಯಾಂಡಿ, ರಾಜ ನಾಲ್ಕನೇ ಬೆಲ್ವೋರ್, ರಾಜಧಾನಿ ಚೆಂಡ್ಲ್, ಜನಸಂಖ್ಯೆ ಇಷ್ಟು. ಪಕ್ಕದಲ್ಲೇ ಯೂಜ್ ಅನ್ನೋ ಅರ್ಧ ರಾಕ್ಷಸ ಒಂದು ನಾಡು ಆಳುತ್ತಿದ್ದಾನೆ, ಅವನಿಗೂ ಅಷ್ಟೇ ತಣ್ಣಗಿನ ಒಂದು ಟಿಪ್ಪಣಿ. ಪೂರ್ವದಲ್ಲಿ ಗ್ರೇಟ್ ಕಿಂಗ್‌ಡಮ್ ಕೊಳೆಯುತ್ತಿದೆ, ಅದರ ದೊರೆಗೆ ತಲೆ ಸರಿ ಇಲ್ಲ, ತುಂಡರಸರು ಕೈಗೆ ಸಿಗುತ್ತಿಲ್ಲ. ಪಾಳೆಗಾರರ ಕಾಲದ ಕಥೆ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲೋಕ ಉಳಿಸುವ ಒಬ್ಬ ಮಹಾನಾಯಕ ಇಲ್ಲ. ಒಂದು ದೇಶಕ್ಕೆ ನಾಲ್ಕಾರು ಸಾಲು, ಮುಂದಿನ ದೇಶ. ಮಿಕ್ಕಿದ್ದು ನಿಮ್ಮ ತಲೆನೋವು.

ಆದರೆ ಒಂದೇ ಒಂದು ಹಳ್ಳಿಯನ್ನು ಮಾತ್ರ ಗೈಗ್ಯಾಕ್ಸ್ ಇಂಚಿಂಚು ಬರೆದ. ಹಾಮ್ಲೆಟ್. (ಶೇಕ್ಸ್‌ಪಿಯರ್‌ನವನಲ್ಲ, ಕುಗ್ರಾಮ ಅಂತ ಅರ್ಥ.) 1979ರಲ್ಲಿ ಬಂದ ಆ ತೆಳ್ಳನೆ ಪುಸ್ತಕದಲ್ಲಿ ಮನೆ ಮನೆಗೂ ನಂಬರ್ ಇದೆ. ಯಾರು ಯಾವ ದೇವರಿಗೆ ನಡೆದುಕೊಳ್ಳುತ್ತಾರೆ, ಯಾರು ಎಷ್ಟು ದುಡ್ಡು ಎಲ್ಲಿ ಬಚ್ಚಿಟ್ಟಿದ್ದಾರೆ, ಎಲ್ಲ ಇದೆ. ಅಂಗಡಿ ಇಟ್ಟಿರುವ ಇಬ್ಬರು ವ್ಯಾಪಾರಿಗಳು ಶತ್ರುಗಳ ಗೂಢಚಾರರು. ಎಲ್ಮೋ ಅಂತ ಒಬ್ಬನಿದ್ದಾನೆ. ಹೆಂಡದಂಗಡಿಯಲ್ಲಿ ಬಿದ್ದಿರುವ ಪೆದ್ದ ಹುಡುಗನ ಹಾಗೆ ಕಾಣುತ್ತಾನೆ. ನಿಜಕ್ಕೂ ಅವನು ಆ ಸೀಮೆ ಆಳುವ ವೈಕೌಂಟ್ ಕಡೆಯ ಮನುಷ್ಯ, ಹೊಡೆದಾಟಕ್ಕಿಳಿದರೆ ಗಟ್ಟಿಗ.

ನಮ್ಮ ಶನಿವಾರದ ಗುಂಪಿಗೆ ನಾನು ಇದನ್ನು ಆಡಿಸಿದೆ. ಎಲ್ಮೋ ಬಂದು "ನಾನೂ ಬರ್ಲಾ?" ಅಂದ. ದಾವಣಗೆರೆಯ ಗೆಳೆಯ ಒಂದೇ ಮಾತಿಗೆ "ಕುಡುಕರ ಸಹವಾಸ ಬ್ಯಾಡ ಮಾರಾಯ" ಅಂದುಬಿಟ್ಟ. ಡಿಎಂ ಆದ ನಾನು ಬಾಯಿ ಬಿಡುವ ಹಾಗಿಲ್ಲ. ಅವನನ್ನು ಬಿಟ್ಟು ಪಾಳು ಕೋಟೆಗೆ ಹೋದರು. ನಾಲ್ವರಲ್ಲಿ ಇಬ್ಬರು ವಾಪಸ್ ಬಂದರು. ಆಮೇಲೆ ಎಲ್ಮೋ ಯಾರು ಅಂತ ಗೊತ್ತಾದ ದಿನ ಆ ದಾವಣಗೆರೆಯ ಗೆಳೆಯ ನನ್ನ ಜೊತೆ ಒಂದು ಗಂಟೆ ಮಾತಾಡಲಿಲ್ಲ.

ಆ ಹಳ್ಳಿಯ ಕಥೆ ಒಂದು ದುಷ್ಟ ದೇಗುಲಕ್ಕೆ ಕೈ ತೋರಿಸಿ ನಿಲ್ಲುತ್ತದೆ. ದೇಗುಲದ ಪುಸ್ತಕ ಬಂದದ್ದು 1985ರಲ್ಲಿ, ಅದೂ ಫ್ರಾಂಕ್ ಮೆಂಟ್ಜರ್ ಅನ್ನೋ ಇನ್ನೊಬ್ಬ ಬರಹಗಾರನ ಕೈ ಸೇರಿದ ಮೇಲೆ. ಆರು ವರ್ಷ! ಅಷ್ಟರಲ್ಲಿ ಎಷ್ಟು ಜನ ತಮ್ಮದೇ ದೇಗುಲ ಕಟ್ಟಿಕೊಂಡು ಆಡಿ ಮುಗಿಸಿರಬಹುದು, ಯೋಚಿಸಿ. ಗೈಗ್ಯಾಕ್ಸ್ ಮಕ್ಕಳಿಗೆ ಆಡಿಸಿದ ಆ ಮೂಲ ಕೋಟೆಯಂತೂ ಇದ್ದ ಹಾಗೆ ಪೂರ್ತಿಯಾಗಿ ಅಚ್ಚಾಗಲೇ ಇಲ್ಲ. ಗೈಗ್ಯಾಕ್ಸ್ ಕಂಪನಿ ಬಿಟ್ಟ ಮೇಲೆ 1988ರಲ್ಲಿ ಗ್ರೇಹಾಕ್ ಕೋಟೆಯ ಹೆಸರಲ್ಲಿ ಬಂದದ್ದು ಒಂದು ಅಣಕ. ಮುಂದೆ ಬೇರೆ ಹೆಸರಿನಲ್ಲಿ ತಾವೇ ಬರೆಯಲು ಹೊರಟರು, ಮುಗಿಯುವ ಮೊದಲೇ 2008ರಲ್ಲಿ ತೀರಿಕೊಂಡರು. ಲೋಕದ ನಡುಮನೆಯೇ ಖಾಲಿ. ನನಗೇನೋ ಇದು ನಷ್ಟ ಅನ್ನಿಸುವುದಿಲ್ಲ.

ತುಂಬಲು ನೋಡಿದವರೂ ಇದ್ದಾರೆ. 1991ರಲ್ಲಿ ಕಂಪನಿಯವರು ಈ ಲೋಕದಲ್ಲಿ ದೊಡ್ಡ ಯುದ್ಧ ಮಾಡಿಸಿ ರಾಜ್ಯಗಳನ್ನು ಬೀಳಿಸಿದರು. ಅದನ್ನೂ ಇಷ್ಟಪಡುವವರಿದ್ದಾರೆ, ಬರವಣಿಗೆಯೂ ಚೆನ್ನಾಗಿಯೇ ಇದೆ. ಆದರೆ ನಾನು ಬಾಡಿಗೆಗಿದ್ದ ಮನೆಗೆ ನನ್ನನ್ನು ಕೇಳದೆ ಬೇರೆ ಬಣ್ಣ ಹೊಡೆದ ಹಾಗೆ ಆಯಿತು. 2000ದಿಂದ 2008ರವರೆಗೆ ನಡೆದ ಲಿವಿಂಗ್ ಗ್ರೇಹಾಕ್ ಅನ್ನೋ ಊರೂರಿನ ಆಟಗಾರರು ಸೇರಿ ಆಡಿದ ಸರಣಿ ನನಗೆ ಜಾಸ್ತಿ ಇಷ್ಟ. ಅದರಲ್ಲಿ ನಿಜವಾದ ದೇಶಗಳಿಗೆ ಮ್ಯಾಪಿನ ನಾಡುಗಳನ್ನು ಹಂಚಿಕೊಟ್ಟರು. ಆಸ್ಟ್ರೇಲಿಯಾದವರಿಗೆ ಪೆರೆನ್‌ಲ್ಯಾಂಡ್, ಬ್ರಿಟನ್ನಿನವರಿಗೆ ಆನ್‌ವಾಲ್. ನಿಮ್ಮ ನಾಡಿನ ಕಥೆ ನೀವೇ ಬರೆಯಿರಿ ಅಂದರು. 2024ರಲ್ಲಿ, ಆಟಕ್ಕೆ ಐವತ್ತು ತುಂಬಿದಾಗ, ಹೊಸ ಡಿಎಂ ಪುಸ್ತಕದಲ್ಲಿ ಮಾದರಿ ಲೋಕ ಅಂತ ಕೊಟ್ಟದ್ದೂ ಗ್ರೇಹಾಕನ್ನೇ. ಮ್ಯಾಪ್ ಸಮೇತ.

ಕುಂದು ಇಲ್ಲ ಅಂತಲ್ಲ. ಹೆಂಗಸರು ಕಮ್ಮಿ, ಇದ್ದವರಿಗೂ ಕೆಲಸ ಕಮ್ಮಿ. ಹಾಮ್ಲೆಟ್‌ನ ಛತ್ರದ ಹೆಸರನ್ನು ನನ್ನ ತಂಗಿಯ ಎದುರು ಕನ್ನಡ ಮಾಡಿ ಹೇಳೋಕೆ ನಾಚಿಕೆಯಾಗಿ "ಗೌಡರ ಛತ್ರ" ಅಂದುಬಿಟ್ಟೆ. ಅದೇ ಹೆಸರು ನಿಂತಿದೆ.

ಈಗ ನಮ್ಮ ಗುಂಪು ಹಾಮ್ಲೆಟ್ ಬಿಟ್ಟು ಪಕ್ಕದ ಹೆಕ್ಸ್‌ಗೆ, ಅಂದರೆ ಪಕ್ಕದ ಆರು ಮೂಲೆಯ ಮನೆಗೆ ಬಂದಿದೆ. ಮ್ಯಾಪಿನಲ್ಲಿ ಅಲ್ಲಿ ಬರೀ ಮರದ ಗುರುತು. ತಂಗಿಯೇ ಅಲ್ಲಿ ಒಂದು ಊರು ಕಟ್ಟಿದಳು, ಪೆನ್ಸಿಲ್‌ನಲ್ಲಿ "ಹಲಸಿನಕಟ್ಟೆ" ಅಂತ ಬರೆದಳು. ಅಲ್ಲಿ ಹಲಸು ಬೆಳೆಯುತ್ತದಾ ಅಂತ ಒಬ್ಬರೂ ಕೇಳಲಿಲ್ಲ. ಮೊನ್ನೆ ಶನಿವಾರ ಪೂರ್ತಿ ಹೋದದ್ದು ಒಂದೇ ಜಗಳಕ್ಕೆ: ಹಲಸಿನಕಟ್ಟೆಯವರು ಕಂದಾಯ ವೈಕೌಂಟ್‌ಗೆ ಕಟ್ಟಬೇಕಾ, ಕಾಡಿನ ಎಲ್ಫ್‌ಗಳಿಗಾ? ರಾತ್ರಿ ಹನ್ನೆರಡೂವರೆ ಆಯಿತು. ದಾಳ ಒಂದು ಸಲವೂ ಉರುಳಲಿಲ್ಲ.